ಅಪ್‌ಡೇಟ್: ಮೊಂಟ್ಗೊ ಬೆಟ್ಟ ದಾಟಿ ಬಂದೆವು

ಸ್ಪೇನಿನ ದೇನಿಯಾ ಪಕ್ಕದ ಮೊಂಟ್ಗೊ ಬೆಟ್ಟವನ್ನು ಅರ್ಧ ದಿನದಲ್ಲಿ ದಾಟಬಹುದಾ, ಮಾಮೂಲಿ ಶೂ ಸಾಕಾ ಎಂದು ಕೇಳಿದ್ದೆ. ಧಾರಾಳವಾಗಿ ದಾಟಬಹುದು. ಶೂ ಮಾತ್ರ ಗಟ್ಟಿ ಅಡಿಯದ್ದೇ ಬೇಕು. ಹಾವಿಯಾ ಕಡೆಯ ಲೆಸ್ ಪ್ಲಾನೆಸ್‌ನಿಂದ ಬೆಳಿಗ್ಗೆ ಹತ್ತಿ, 753 ಮೀಟರ್ ಎತ್ತರದ ತುದಿ ಮುಟ್ಟಿ, ದೇನಿಯಾಕ್ಕೆ ಇಳಿದೆವು.

ಮೇಲಿನ ಏಣಿನ ಸುಣ್ಣಕಲ್ಲು ತೆಂಗಿನ ತುರಿಮಣೆ ತರಹ ಚೂಪು. ಕಾಲು ಜಾರುವುದಿಲ್ಲ, ಆದರೆ ಕೈ ಊರಿದರೆ ಅಂಗೈ ತರಚಿಹೋಗುತ್ತದೆ. ಮಳೆ ನೀರೆಲ್ಲ ಕಲ್ಲಿನ ಬಿರುಕಿಗೆ ಇಳಿದುಬಿಡುತ್ತದೆ, ಮೇಲೆ ಹನಿಯೂ ಸಿಗುವುದಿಲ್ಲ. ನೆರಳೂ ಇಲ್ಲ, ರೋಸ್‌ಮೇರಿ ಪೊದೆ, ಕುಳ್ಳ ತಾಳೆ ಅಷ್ಟೇ. ನೀರು ಜಾಸ್ತಿ ಒಯ್ಯಿರಿ ಎಂದವರಿಗೆ ಥ್ಯಾಂಕ್ಸ್!

ದಕ್ಷಿಣಕ್ಕೆ ಕಾಲ್ಪೆಯ ಇಫಾಕ್ ಬಂಡೆ ಚೆನ್ನಾಗಿ ಕಂಡಿತು. ಇಬಿಸಾ ದ್ವೀಪ ಮಾತ್ರ ಮಬ್ಬಿನಲ್ಲಿ ಕಾಣಲೇ ಇಲ್ಲ, ಅದೊಂದು ಬೇಜಾರು. ಬೇಸಿಗೆಯಲ್ಲಿ ಹೋಗುವವರು ಬೆಳಕು ಹರಿಯುತ್ತಲೇ ಹೊರಡಿ.