ಥೆರಪಿ ರೂಮಿಗೆ ಅಪ್ಪ ಅಮ್ಮನನ್ನು ಬಿಡಲ್ಲ ಅಂತಾರೆ, ಇದು ಸರಿನಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಅಂತ ಹೋದ ವರ್ಷ ಗೊತ್ತಾಯಿತು, ಥೆರಪಿಗೋಸ್ಕರವೇ ಬೆಂಗಳೂರಿನಲ್ಲಿ ಮನೆ ಮಾಡಿದ್ದೇವೆ. ಒಂದು ಸೆಂಟರ್‌ನಲ್ಲಿ ಎಬಿಎ ಅಂತ, ವರ್ತನೆ ತಿದ್ದುವ ಬಿಹೇವಿಯರ್ ಥೆರಪಿ ನಡೆಯುತ್ತಿದೆ. ಹೆಸರು ಬೇಡ ಬಿಡಿ. ಮೂರು ತಿಂಗಳ ಫೀಸ್ ಮೊದಲೇ ಕಟ್ಟಿಸಿಕೊಂಡರು. ಒಳಗೆ ನಮ್ಮನ್ನು ಬಿಡಲ್ಲ, ನೀವಿದ್ದರೆ ಹಟ ಜಾಸ್ತಿ ಮಾಡುತ್ತಾನೆ ಅಂತಾರೆ. ಸಿಸಿಟಿವಿ ಇದೆ, ಕೇಳಿದರೆ ಬೇರೆ ಮಕ್ಕಳ ಪ್ರೈವೆಸಿ ಅಂತಾರೆ.

ಮೊನ್ನೆ ಊಟದ ಹೊತ್ತಿಗೆ ಬಾಗಿಲು ಅರ್ಧ ತೆರೆದಿತ್ತು, ಇಣುಕಿದೆ. ಇವನ ಡಬ್ಬಿ ಶೆಲ್ಫ್ ಮೇಲಿತ್ತು. ಟೀಚರ್ ಚಪಾತಿಯ ಒಂದು ಚೂರು ಹರಿದು, ತಮ್ಮ ಹುಬ್ಬಿನ ಹತ್ತಿರ ಹಿಡಿದುಕೊಂಡು "ಲುಕ್ ಅಟ್ ಮಿ" ಅಂತಾರೆ. ಇವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಚೂರು ಬಾಯಿಗೆ. ಇಲ್ಲದಿದ್ದರೆ ವಾಪಸ್ ಡಬ್ಬಿಗೆ. ಅಳುತ್ತಾ ಕೈ ಪಟಪಟ ಆಡಿಸಿದ, ಎರಡೂ ಕೈ ಹಿಡಿದು ಟೇಬಲ್ ಮೇಲೆ ಒತ್ತಿದರು. ಸಂಜೆ ಡಬ್ಬಿ ತೆಗೆದರೆ ಮುಕ್ಕಾಲು ಹಾಗೇ ಇತ್ತು.

ಇನ್ನೊಂದು ವಿಷಯ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಎರಡು ಭಾಷೆ ಆದರೆ ಗೊಂದಲ ಅಂದಿದ್ದಾರೆ. ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ, ಪಾಪ, ಮೊಮ್ಮಗನ ಹತ್ತಿರ ಮಾತೇ ನಿಲ್ಲಿಸಿಬಿಟ್ಟಿದ್ದಾರೆ.

ನಮ್ಮನೆಯವರು ಮಾತ್ರ "ಈಗ ಖುರ್ಚಿಯಲ್ಲಿ ಕೂರುತ್ತಾನೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ಮೊದಲು ಇದೆಲ್ಲ ಇತ್ತಾ?" ಅಂತಾರೆ. ಅದೂ ನಿಜವೇ. ಥೆರಪಿ ಅಂದರೆ ಹೀಗೇನಾ, ಅಥವಾ ನಾನೇ ಸುಮ್ನೆ ತಲೆ ಕೆಡಿಸಿಕೊಂಡಿದ್ದೀನಾ?

ಸ್ಪೆಷಲ್ ಟೀಚರ್

ಮೇಡಂ, ನಾನು ಇದೇ ಕೆಲಸದಲ್ಲಿರುವವಳು. ನೀವು ಸುಮ್ನೆ ತಲೆ ಕೆಡಿಸಿಕೊಂಡಿಲ್ಲ. ಮಗು ಇಷ್ಟಪಡುವ ಒಂದು ದ್ರಾಕ್ಷಿನೋ ಬುರುಗು ಗುಳ್ಳೆಯ ಆಟವೋ ಬಹುಮಾನವಾಗಿ ಕೊಡುವುದು ನಮ್ಮಲ್ಲಿ ಇದೆ. ಆದರೆ ಹಸಿದ ಮಗುವಿನ ಮಧ್ಯಾಹ್ನದ ಊಟವನ್ನೇ ಚೂರು ಚೂರು ಮಾಡಿ ಕೆಲಸ ತೆಗೆಸುವುದು ಯಾವ ಲೆಕ್ಕದಲ್ಲೂ ಒಪ್ಪುವ ಮಾತಲ್ಲ.

ಅವರು "ವಾರಕ್ಕೆ 40 ಗಂಟೆ ಆಗಲೇಬೇಕು" ಅಂತಲೂ ಹೇಳಿರಬೇಕು, ಅಲ್ವಾ? ಆ ಲೆಕ್ಕ ಬಂದದ್ದು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿದ್ದ ಐವರ್ ಲೋವಾಸ್ ಅನ್ನುವ ಸೈಕಾಲಜಿಸ್ಟ್ ಅವರ 1987ರ ಲೇಖನದಿಂದ. 19 ಮಕ್ಕಳಲ್ಲಿ 9 ಮಂದಿ ಬೇರೆ ಮಕ್ಕಳ ಹಾಗೇ ಶಾಲೆಗೆ ಹೋದರು ಅಂತ ಅದರಲ್ಲಿದೆ. ಬ್ರೋಷರ್‌ಗಳಲ್ಲಿ ಇಷ್ಟು ಹಾಕುತ್ತಾರೆ. ಅದೇ ಲೇಖನದಲ್ಲಿ ಜೋರಾಗಿ "ನೋ" ಅಂತ ಗದರಿಸುವುದು, ತೊಡೆಗೆ ಹೊಡೆಯುವುದೂ ಇತ್ತು ಅನ್ನುವುದನ್ನು ಹಾಕಲ್ಲ. ಯಾವ ಮಗು ಯಾವ ಗುಂಪಿಗೆ ಅಂತ ಚೀಟಿ ಎತ್ತಿ ಆರಿಸಿಯೂ ಇರಲಿಲ್ಲ, ಥೆರಪಿಸ್ಟ್‌ಗಳು ಸಿಗುವುದನ್ನು ನೋಡಿಕೊಂಡು ಹಾಕಿದ್ದರು.

ಈಗ ಕಾಲ ಬದಲಾಗಿದೆ. ಎಬಿಎಯವರಿಗೆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಬಿಎಸಿಬಿ ಬೋರ್ಡ್‌ನ ನೀತಿಸಂಹಿತೆ 2022ರಿಂದ ಹೊಸದು. ತಂದೆ ತಾಯಿ ಸಹಿ ಹಾಕಿದ ಮಾತ್ರಕ್ಕೆ ಆಗಲಿಲ್ಲ, ಸಾಧ್ಯವಿದ್ದ ಕಡೆ ಮಗುವಿನ ಒಪ್ಪಿಗೆಯನ್ನೂ ನೋಡಬೇಕು ಅಂತ ಅದರಲ್ಲಿದೆ. ಮಾತು ಬಾರದ ಮಗುವಿನ ಒಪ್ಪಿಗೆ ಹೇಗೆ ಅಂತ ಕೇಳಬಹುದು. ಬಾಗಿಲ ಹತ್ತಿರ ಬಂದಾಗ ಕಾಲು ಹಿಂದೆಳೆಯುತ್ತಾ, ಮುಖ ತಿರುಗಿಸುತ್ತಾ, ಅಥವಾ ತಾನೇ ಓಡಿ ಒಳಗೆ ಹೋಗುತ್ತಾ, ಇಷ್ಟು ಸಾಕು ಗೊತ್ತಾಗೋಕೆ. ಬಿಗಿ ಕ್ರಮ ಬೇಕಾದರೆ ಅದಕ್ಕಿಂತ ಮೆತ್ತನೆ ದಾರಿಗಳನ್ನು ಮೊದಲು ನೋಡಿರಬೇಕು ಅಂತಲೂ ಇದೆ. ಕೈ ಆಡಿಸುವುದರಿಂದ ಯಾರಿಗೂ ಪೆಟ್ಟಾಗಲ್ಲ, ಅದಕ್ಕೆ ಕೈ ಅದುಮುವ ಅಗತ್ಯ ಏನಿತ್ತು?

ಭಾಷೆ ವಿಷಯ ಪೂರ್ತಿ ಸುಳ್ಳು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನೋದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಗೆ ಇವತ್ತೇ ಹೇಳಿ, ಕನ್ನಡದಲ್ಲಿ ಮಾತಾಡಲಿ.

ಹನ್ನೊಂದರ ಹುಡುಗಿಯ ಅಮ್ಮ

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಇಂಥ ಚರ್ಚೆ ಬಂದಾಗಲೆಲ್ಲ ಎಬಿಎ ಅಂದರೇನೇ ಹಿಂಸೆ ಅಂತ ಎಲ್ಲರೂ ಹೊರಡುತ್ತಾರೆ. ನನ್ನ ಮಗಳು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಹಣೆ ಊದಿ ಕಣ್ಣು ಮುಚ್ಚಿಹೋಗುವಷ್ಟು. ಅದನ್ನು ನಿಲ್ಲಿಸಿದ್ದು ಬಿಹೇವಿಯರ್ ಥೆರಪಿನೇ. ಆದರೆ ಹೇಗೆ ನಿಲ್ಲಿಸಿದರು ಕೇಳಿ. ಬೈಯಲಿಲ್ಲ, ಕೈ ಹಿಡಿಯಲಿಲ್ಲ. ಯಾವಾಗ ಚಚ್ಚಿಕೊಳ್ಳುತ್ತಾಳೆ ಅಂತ ಬರೆದಿಟ್ಟುಕೊಂಡು ನೋಡಿದರು, ಕಷ್ಟದ ಕೆಲಸ ಕೊಟ್ಟಾಗಲೇ ಜಾಸ್ತಿ. "ಸಾಕು" ಅಂತ ಒಂದು ಕಾರ್ಡ್ ಮಾಡಿ ಕೈಗೆ ಕೊಟ್ಟರು. ಕಾರ್ಡ್ ಕೊಟ್ಟರೆ ಆ ಕ್ಷಣವೇ ಕೆಲಸ ಬಂದ್. ಮೊದಮೊದಲು ದಿನವಿಡೀ ಕಾರ್ಡ್ ಕೊಡುತ್ತಲೇ ಇದ್ದಳು, ನನಗೆ ಇದೇನು ಸೋಮಾರಿತನ ಕಲಿಸ್ತಿದ್ದಾರಾ ಅನ್ನಿಸಿತ್ತು! ಆಮೇಲೆ ತಾನಾಗೇ ಕಡಿಮೆಯಾಯಿತು, ತಲೆ ಚಚ್ಚುವುದೂ ನಿಂತಿತು.

ಅದಕ್ಕೇ ಹೇಳಿದ್ದು, ಇದ್ದಕ್ಕಿದ್ದ ಹಾಗೆ ಥೆರಪಿಯನ್ನೇ ಬಿಡಬೇಡಿ, ಆ ಸೆಂಟರ್ ಬಿಡಿ.

ಸ್ಪೆಷಲ್ ಟೀಚರ್

ಇವರು ಹೇಳಿದ ಕಾರ್ಡ್ ವಿಧಾನವೂ ಹಳೆಯದೇ. 1985ರಲ್ಲೇ ಕಾರ್ ಮತ್ತು ಡ್ಯುರಾಂಡ್ ಅನ್ನುವವರು ಸಹಾಯ ಮತ್ತು ಗಮನ ಕೇಳುವ ದಾರಿ ಕಲಿಸಿದರೆ ಇಂಥ ವರ್ತನೆ ಕಡಿಮೆಯಾಗುತ್ತೆ ಅಂತ ತೋರಿಸಿದ್ದರು. ನಾನಂತೂ ಹೊಸ ಮಗು ಬಂದರೆ "ಬೇಡ" ಅನ್ನುವುದನ್ನೇ ಮೊದಲು ಕಲಿಸುವುದು. ದೊಡ್ಡವರು ಏನು ಹೇಳಿದರೂ ತೆಪ್ಪಗೆ ಒಪ್ಪಿಕೊಳ್ಳುವ ಮಗು ನಾಳೆ ಕೆಟ್ಟವರ ಕೈಗೆ ಸಿಕ್ಕರೆ ಏನು ಗತಿ?

ಶಿವಮೊಗ್ಗ ಹುಡುಗ

ನಾನೇ ಆಟಿಸ್ಟಿಕ್, ಈಗ 27. ಕಣ್ಣು ನೋಡಿ ಮಾತಾಡು ಅಂತ ನನಗೂ ತರಬೇತಿ ಆಗಿದೆ. ಕಣ್ಣು ನೋಡುತ್ತಿದ್ದರೆ ಎದುರಿನವರು ಏನು ಹೇಳಿದರು ಅಂತಲೇ ತಲೆಗೆ ಹೋಗಲ್ಲ ನನಗೆ. ಈಗ ಮೂಗಿನ ತುದಿ ನೋಡುತ್ತೇನೆ, ಯಾರಿಗೂ ಗೊತ್ತಾಗಲ್ಲ. ಅಷ್ಟಕ್ಕೆ ಮಗುವಿನ ಊಟ ತಡೆಯಬೇಕಿತ್ತಾ?

ಬೋರ್ಡು ಸರ್ಟಿಫಿಕೇಟು ಇದ್ದರೆ ಎಲ್ಲ ಸರಿ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಡ್ಜ್ ರೋಟೆನ್‌ಬರ್ಗ್ ಸೆಂಟರ್ ಅಂತಿದೆ, ಅಲ್ಲಿ ವರ್ತನೆ ತಿದ್ದಲು ಮೈಗೆ ಕರೆಂಟ್ ಶಾಕ್ ಕೊಡುತ್ತಿದ್ದರು. 2020ರಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಉಪಕರಣ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ನಿಷೇಧ ಹಾಕಿತು, 2021ರಲ್ಲಿ ಕೋರ್ಟ್ ಆ ನಿಷೇಧವನ್ನೇ ತೆಗೆದುಹಾಕಿತು. ಎಬಿಎಯವರ ದೊಡ್ಡ ಸಂಘ ಶಾಕ್ ಕೊಡುವುದನ್ನು ವಿರೋಧಿಸಿ ಹೇಳಿಕೆ ಕೊಟ್ಟಿದ್ದು 2022ರಲ್ಲಿ, ಅಷ್ಟು ತಡ!

ತುಮಕೂರು ಅಪ್ಪ

ನಾನು ಕಾಗದಪತ್ರದ ಕಡೆಯಿಂದ ಹೇಳ್ತೀನಿ. ಮೊದಲು ನಿಮ್ಮ ಮಗನ ಜೊತೆ ಕೂರುವವರ ಆರ್‌ಸಿಐ ನಂಬರ್, ಅಂದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಕೇಳಿ. ಸೆಂಟರ್ ಮಾಲೀಕರದ್ದಲ್ಲ, ಒಳಗೆ ಕೂರುವವರದ್ದು. ಸ್ಪೆಷಲ್ ಎಜುಕೇಟರ್, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಇವರೆಲ್ಲ 1992ರ ಕಾಯ್ದೆ ಪ್ರಕಾರ ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನಲ್ಲಿ ನೋಂದಾಯಿಸಿರಬೇಕು, ಇಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 1000 ರೂಪಾಯಿ. ಒಂದೆರಡು ಸೆಷನ್ ಫೀಸು! ಬಿಎಸಿಬಿ ಸರ್ಟಿಫಿಕೇಟ್ ಅಂತ ಫ್ರೇಮ್ ಹಾಕಿದ್ದರೆ ಅದರ ವರ್ಷವನ್ನೂ ನೋಡಿ. 2023ರಿಂದ ಆ ಬೋರ್ಡ್ ಭಾರತದವರ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ.

ಬಾಗಿಲು ಮುಚ್ಚುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಅನುಮಾನ. ಬೇರೆ ಮಕ್ಕಳ ಪ್ರೈವೆಸಿ ಅನ್ನುವುದು ನೆಪ, ನಿಮ್ಮ ಮಗ ಒಬ್ಬನೇ ಇರುವ ರೂಮಿನ ವಿಡಿಯೋ ತೋರಿಸಲಿ. ನಾವು ಮೈಸೂರಿನ ಆಯಿಷ್‌ಗೆ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಹೋಗುತ್ತಿದ್ದಾಗ ನಮ್ಮ ಎದುರಿಗೇ ಮಗುವಿಗೆ ಮಾಡಿ ತೋರಿಸಿ, ಮನೆಯಲ್ಲಿ ಹೀಗೆ ಮಾಡಿ ಅಂತ ನಮಗೇ ಕಲಿಸಿ ಕಳಿಸುತ್ತಿದ್ದರು.

ಕೈಗೆ ಗಾಯ ಗೀಯ ಕಂಡರೆ ಫೋಟೋ ತೆಗೆದಿಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಆಟಿಸಂ ಸೇರಿದೆ, ರಾಜ್ಯದ ಅಂಗವಿಕಲರ ಆಯುಕ್ತರಿಗೂ ದೂರು ಕೊಡಬಹುದು. ಫೀಸ್ ವಾಪಸ್ ಕೊಡಲ್ಲ ಅಂದರೆ ಗ್ರಾಹಕರ ಕೋರ್ಟ್ ಇದೆ. ಏನು ಕೇಳಿದರೂ ಬಾಯಲ್ಲಿ ಕೇಳಬೇಡಿ, ವಾಟ್ಸಾಪ್ ಅಥವಾ ಇಮೇಲ್‌ನಲ್ಲೇ ಕೇಳಿ.

ದಾವಣಗೆರೆ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ವಾಟ್ಸಾಪ್‌ನಲ್ಲೇ ಕೇಳಿದೆ. ಊಟವನ್ನು ಬಹುಮಾನವಾಗಿ ಬಳಸಬೇಡಿ, ಕೈ ಹಿಡಿದು ಒತ್ತಬೇಡಿ, ಟೀಚರ್ ಆರ್‌ಸಿಐ ನಂಬರ್ ಕೊಡಿ, ವಾರಕ್ಕೊಂದು ಸೆಷನ್ ನಾನು ಕೂರುತ್ತೇನೆ ಅಂತ. ಊಟದ್ದು ಒಪ್ಪಿದರು. ನಂಬರ್ ಕೇಳಿದ್ದಕ್ಕೆ "ಅವರು ಟ್ರೈನಿಂಗ್‌ನಲ್ಲಿದ್ದಾರೆ, ಸೀನಿಯರ್ ಮೇಡಂ ಸೂಪರ್‌ವೈಸ್ ಮಾಡುತ್ತಾರೆ" ಅಂತ ಉತ್ತರ. ಆ ಸೀನಿಯರ್ ಮೇಡಂ ಮುಖವನ್ನು ನಾವು ಅಡ್ಮಿಷನ್ ದಿನ ಬಿಟ್ಟರೆ ನೋಡೇ ಇಲ್ಲ. ಒಳಗೆ ಕೂರುವುದಕ್ಕೆ ಈಗಲೂ ಇಲ್ಲ ಅಂತಾರೆ.

ನಮ್ಮನೆಯವರು ಅದನ್ನೆಲ್ಲ ಓದಿ, ಈ ತಿಂಗಳಿಗೆ ನಿಲ್ಲಿಸಿ ಉಳಿದ ದುಡ್ಡು ಕೇಳೋಣ ಅಂದರು. ಕಾರ್ಡ್ ವಿಷಯ ಹೇಳಿದ ಅಕ್ಕ, ನಿಮ್ಮ ಮಗಳಿಗೆ ಮಾಡಿದ ಕಾರ್ಡಿನಲ್ಲಿ ಅಕ್ಷರ ಇತ್ತಾ, ಚಿತ್ರನಾ? ನನ್ನ ಮಗನಿಗೆ ಇನ್ನೂ ಓದೋಕೆ ಬರಲ್ಲ.

ಹನ್ನೊಂದರ ಹುಡುಗಿಯ ಅಮ್ಮ

ಚಿತ್ರ. ಕೈ ಅಡ್ಡ ಹಿಡಿದ ಫೋಟೋ, ನನ್ನದೇ ಕೈ. ಲ್ಯಾಮಿನೇಟ್ ಮಾಡಿಸಿ, ಇಲ್ಲಾಂದ್ರೆ ಎರಡು ದಿನದಲ್ಲಿ ಜಗಿದು ಹಾಕುತ್ತಾನೆ. ನಾಲ್ಕೈದು ಮಾಡಿಸಿಡಿ, ಅಜ್ಜಿ ಹತ್ತಿರವೂ ಒಂದು ಇರಲಿ.