ಅಪ್‌ಡೇಟ್: ‘ಕ್ಯಾಂಡಿಡ್’ ಪದದ ಗಂಟು ಬಿಚ್ಚಿತು

‘ಕ್ಯಾಂಡಿಡ್’ ಎಂದರೆ ಅರಿವಿಗೆ ಬಾರದಂತೆ ತೆಗೆದ ಫೋಟೊ ಎಂದಷ್ಟೇ ತಿಳಿದಿದ್ದೆ. ಹಾಗಾದರೆ ‘ಕ್ಯಾಂಡಿಡ್ ಉತ್ತರ’ ಎಂದರೇನು ಎಂದು ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಈಗ ತಿಳಿಯಿತು: ಮುಚ್ಚುಮರೆಯಿಲ್ಲದ ಉತ್ತರ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಮೂಲ ಲ್ಯಾಟಿನ್‌ನ ‘ಕ್ಯಾಂಡಿಡಸ್’, ಅಂದರೆ ಹೊಳೆಯುವ ಬಿಳುಪು. ಪ್ರಾಚೀನ ರೋಮ್‌ನಲ್ಲಿ ಅಧಿಕಾರದ ಹುದ್ದೆಗೆ ಸ್ಪರ್ಧಿಸುವವರು ಸೀಮೆಸುಣ್ಣ ತಿಕ್ಕಿ ಬೆಳ್ಳಗಾಗಿಸಿದ ಟೋಗಾ (ಮೈಗೆ ಸುತ್ತಿಕೊಳ್ಳುವ ಉಡುಪು) ಧರಿಸುತ್ತಿದ್ದರು. ‘ಕ್ಯಾಂಡಿಡೇಟ್’ ಹುಟ್ಟಿದ್ದು ಅಲ್ಲಿಂದ! ‘ಕ್ಯಾಂಡಲ್’ ಕೂಡ ಇದೇ ಬೇರಿನದು. ಇಂಗ್ಲಿಷ್‌ನಲ್ಲಿ ಆ ಬಿಳುಪೇ ಮೊದಲು ನಿಷ್ಕಪಟ ಮನಸ್ಸಾಯಿತು, ಬಳಿಕ ಮುಚ್ಚುಮರೆಯಿಲ್ಲದ ಮಾತಾಯಿತು. ಈ ಪಯಣ ನನಗೆ ಬಹಳ ಹಿಡಿಸಿತು.

ಬಳಕೆಯಲ್ಲಿ ಒಂದು ಎಚ್ಚರ: ‘ಬ್ಲಂಟ್’ ಎಂದರೆ ಮುಖಕ್ಕೆ ಹೊಡೆದಂತೆ ಹೇಳುವುದು, ‘ಕ್ಯಾಂಡಿಡ್’ನಲ್ಲಿ ಆ ಒರಟುತನವಿಲ್ಲ, ಮನಬಿಚ್ಚಿ ಆಡುವ ಪ್ರಾಮಾಣಿಕತೆಯಿದೆ. ನಿನ್ನೆ ಗೆಳತಿಗೆ ಬರೆದ ಪತ್ರದಲ್ಲಿ ಮೊದಲ ಬಾರಿ ಬಳಸಿದೆ: ‘ನಿನ್ನ ಕ್ಯಾಂಡಿಡ್ ಅಭಿಪ್ರಾಯ ತಿಳಿಸು.’