ಬೈಕ್ 'ಮಾಡೆಲ್'ಗೆ ಬೋರ್ಡ್ ಮೇಲೆ ಏನು ಬರೆಯೋದು? ನಾಡಿದ್ದಿಗೆ ಬೇಕು

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹುಮನಾಬಾದ್ ರಸ್ತೆಯಲ್ಲಿ ಬೈಕ್ ಸಾಮಾನಿನ ಅಂಗಡಿ ಹಾಕುತ್ತಿದ್ದಾನೆ. ಪೇಂಟರ್ ತಗಡಿಗೆ ಬಿಳಿ ಬಣ್ಣ ಹೊಡೆದು, ಚಾಕ್‌ಪೀಸಿನಲ್ಲಿ ಗೆರೆ ಎಳೆದಿಟ್ಟು ಹೋಗಿದ್ದಾರೆ. ನಾಡಿದ್ದು ಬಂದು ಬರೆಯುತ್ತಾರೆ. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ತಮ್ಮ ಪೂರ್ತಿ ಕನ್ನಡವೇ ಇರಲಿ ಅಂತಾನೆ.

'ಎಲ್ಲ ಮಾಡೆಲ್ ಬೈಕ್‌ಗಳ ಸಾಮಾನು ಸಿಗುತ್ತದೆ' ಅಂತ ಬರೆಯಬೇಕು. ತೊಡಕು ಇರೋದು ಇಲ್ಲೇ. ನಮ್ಮ ಕಡೆ ಮಾಡೆಲ್ ಅಂದರೆ ಇಸವಿ. 'ಯಾವ ಮಾಡೆಲ್?' ಅಂತ ಕೇಳಿದರೆ '2012' ಅಂತಾರೆ, 'ಸ್ಪ್ಲೆಂಡರ್' ಅನ್ನೋದಿಲ್ಲ. ಹೆಸರಿಗೆ ಬೇರೆ ಪದ ಬೇಕು. ಕೆಳಗಿನ ಸಾಲಿನಲ್ಲಿ ಆರೇಳು ಗಾಡಿಗಳ ಹೆಸರೂ ಬರುತ್ತವೆ. ಅವನ್ನು ಕನ್ನಡ ಮಾಡಬೇಕಾ, ಹಾಗೇ ಬಿಡಬೇಕಾ? ದಯವಿಟ್ಟು ಬೇಗ ತಿಳಿಸಿ.

ಯಾದಗಿರಿಯಿಂದ:

ಮಾದರಿ. ಇದರಲ್ಲಿ ಚರ್ಚೆ ಮಾಡೋದೇನೂ ಇಲ್ಲ. ಬೈಕ್ ಅನ್ನೋದನ್ನೂ ತೆಗೆದು 'ಇಗ್ಗಾಲಿ ಬಂಡಿ', ಅಂದರೆ ಎರಡು ಗಾಲಿಯ ಬಂಡಿ, ಅಂತ ಬರೆಸಿ. ಗಾಲಿ ನಮ್ಮ ಬಾಯಲ್ಲೇ ಇದೆ, ಬಂಡಿಯೂ ಇದೆ. ಬುಲೆಟ್ಟಿಗೆ 'ಗುಂಡು' ಅಂದರೆ ಯಾರಿಗೆ ತಿಳಿಯೋದಿಲ್ಲ?

ಬೀದರ್‌ನಿಂದ:

ಗುಂಡು ಬೇಡ ಸರ್. ಅಂಕಿತನಾಮಕ್ಕೆ ಅನುವಾದ ಇಲ್ಲ.

ಬುಲೆಟ್ ಅನ್ನೋದು ಬರೀ ವೇಗಕ್ಕೆ ಇಟ್ಟ ಹೆಸರಲ್ಲ. ಆ ಕಂಪನಿ ಮೊದಲು ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ರಾಯಲ್ ಎನ್‌ಫೀಲ್ಡ್ ಹೆಸರು ಅಲ್ಲಿಂದ. ಲಾಂಛನದಲ್ಲಿ ಫಿರಂಗಿ ಇತ್ತು. ಬಂದೂಕಿನ ಮನೆಯಿಂದ ಬಂದ ಗಾಡಿಗೆ ಬುಲೆಟ್ ಅಂದರು. 'ಗುಂಡು' ಅಂತ ಬರೆದರೆ ಈ ಕತೆ ಉಳಿಯುತ್ತಾ? ನಮ್ಮ ಕಡೆ ಗುಂಡು ಅಂದರೆ ಎತ್ತೋ ಕಲ್ಲೂ ಹೌದು, ಕುಡಿಯೋದೂ ಹೌದು.

ವೆಸ್ಪಾ ನೋಡಿ. 1946ರ ಗಾಡಿ. ಇಟಲಿಯ ಮಾತಿನಲ್ಲಿ ವೆಸ್ಪಾ ಅಂದರೆ ಕಣಜದ ಹುಳ. ನಮ್ಮಲ್ಲಿ ಕಣಜ ಅಂದರೆ ಜೋಳ ತುಂಬಿಡೋ ಜಾಗ. ಬೋರ್ಡಿನಲ್ಲಿ 'ಕಣಜ' ಅಂತ ಕಂಡರೆ ಓದಿದವರಿಗೆ ಮೊದಲು ಯಾವುದು ಹೊಳೆಯುತ್ತೆ ಹೇಳಿ. ಸುಜುಕಿಯವರ ಹಯಾಬುಸಾ 1999ರಲ್ಲಿ ಬಂತು. ಜಪಾನಿ ಮಾತಿನಲ್ಲಿ ಅದು ಡೇಗೆ ಜಾತಿಯ ಹಕ್ಕಿ, ಬೇಟೆಗೆ ಎರಗುವಾಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಗಾಡಿಯೂ 300 ದಾಟಿತು. ಅಮೆರಿಕಕ್ಕೆ ಕಳಿಸಿದಾಗಲೂ ಅವರು ಹೆಸರು ಬದಲಿಸಲಿಲ್ಲ.

ಇನ್ನು ಯೆಜ್ದಿ. ಇದನ್ನು ನಾನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಯೆಜ್ದಿಗೂ ಮೊದಲಿನ ಜಾವಾ ಬೈಕಿನ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧ ಇಲ್ಲ. 1929ರಲ್ಲಿ ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡರು, ಎರಡು ಹೆಸರಿನ (Janeček, Wanderer) ಮೊದಲ ಎರಡೆರಡು ಅಕ್ಷರ ಕೂಡಿಸಿ ಜಾವಾ ಮಾಡಿದರು. ಅದನ್ನು ಮೈಸೂರಿನಲ್ಲಿ ತಯಾರಿಸಿದ್ದು ಇರಾನಿ ಅನ್ನೋ ಅಡ್ಡಹೆಸರಿನ ಪಾರ್ಸಿ ಮನೆತನ. ಅವರೇ ಆಮೇಲೆ ಯೆಜ್ದಿ ಅಂತ ಹೆಸರಿಟ್ಟರು. ಚೆಕ್ ಭಾಷೆಯ 'ಸವಾರಿ ಮಾಡು' ಅನ್ನೋ ಪದದಿಂದ ಬಂತು ಅನ್ನೋರೂ ಇದ್ದಾರೆ. ನಾನು ಒಪ್ಪಲ್ಲ. ಇರಾನಿನಲ್ಲಿ ಯಜ್ದ್ ಅಂತ ಊರಿದೆ, ಪಾರ್ಸಿಗಳಿಗೆ ಅದು ಹಿರಿಯರ ಊರು. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ 'ಯಜತ', ಸಂಸ್ಕೃತದ 'ಯಜ್', 'ಯಜ್ಞ' ಎಲ್ಲ ಒಂದೇ ಬೇರಿನವು, ಊರಿನ ಹೆಸರೂ ಆ ಬೇರಿನದೇ ಅನ್ನೋದು ನನ್ನ ನಂಬಿಕೆ. ಹಾಗಾಗಿ ಪೇಂಟರಿಗೆ ಒತ್ತಿ ಹೇಳಿ, 'ಯೆ'ಯಿಂದ ಶುರುವಾಗಲಿ, 'ಜ'ಕ್ಕೆ 'ದ' ಒತ್ತು ಬರಲಿ. 'ಎಜ್ಡಿ' ತಪ್ಪು.

ಮಾಡೆಲ್ಲಿಗೆ 'ನಮೂನೆ' ಬರೆಸಿ. 'ಇದೇನು ನಮೂನಿ' ಅಂತ ದಿನಾ ಆಡುತ್ತೇವೆ.

ಯಾದಗಿರಿಯಿಂದ:

ನಮೂನೆ ಪಾರಸಿ. ಒಂದು ಹೊರಗಿನ ಪದ ತೆಗೆದು ಇನ್ನೊಂದು ಹಾಕೋದು ಯಾವ ನ್ಯಾಯ? ಅದೂ ಅಲ್ಲದೆ ನಮೂನೆ ಅಂದರೆ ರೈತರಿಗೆ ನೆನಪಾಗೋದು ತಹಶೀಲ್ದಾರ್ ಕಚೇರಿ, ಬಗರ್ ಹುಕುಂ ಅರ್ಜಿಯ ನಮೂನೆ 57. ಹೆಸರಿಗೆ ಮಾದರಿ, ವರ್ಷಕ್ಕೆ ಇಸವಿ. ಮುಗೀತು.

ಬೀದರ್‌ನಿಂದ:

ಇಸವಿ ಯಾವ ಊರಿನ ಪದ ಸರ್? ಈಸಾ ಅಂದರೆ ಯೇಸು. ಅರಬ್ಬಿಯಿಂದ ಪಾರಸಿ, ಅಲ್ಲಿಂದ ನಮಗೆ. ಬಹಮನಿಗಳ ಕಾಲದಿಂದ ಪಾರಸಿ ಕೇಳಿದ ಊರು ನಮ್ಮದು. ಇಲ್ಲಿ ಹೊಲದ ಕಾಗದ ತೆಗೆದರೂ ಆ ಪದಗಳೇ. ಅವನ್ನೆಲ್ಲ ಕಿತ್ತು ಹಾಕಿದರೆ ನಮ್ಮ ಅಜ್ಜಂದಿರ ಮಾತೇ ನಮಗೆ ತಿಳಿಯಲ್ಲ.

ಯಾದಗಿರಿಯಿಂದ:

ಪಾರಸಿ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಂಕಟ ಬೇರೆ. ಗಾಡಿಗಳ ಹೆಸರು ನೋಡಿ. ಚೇತಕ್ ರಾಣಾ ಪ್ರತಾಪನ ಕುದುರೆ. ಅಪಾಚೆ ಅಮೆರಿಕದ ಮೂಲನಿವಾಸಿಗಳ ಹೆಸರು. ರಾಜದೂತ್ ಹಿಂದಿಯಿಂದ ಬಂತು. ಮೈಸೂರಿನಲ್ಲಿ ಗಾಡಿ ಮಾಡಿದರು, ಕೋಲಾರದ ನರಸಾಪುರದಲ್ಲಿ ಮಾಡುತ್ತಿದ್ದಾರೆ. ಟ್ಯಾಂಕಿನ ಮೇಲೆ ಒಂದು ಕನ್ನಡದ ಹೆಸರು ನಾನಂತೂ ಕಂಡಿಲ್ಲ. ಹೆಸರಿಡೋರು ನಮ್ಮನ್ನು ಕೇಳೋದಿಲ್ಲ. ಬೋರ್ಡ್ ಒಂದೇ ನಮ್ಮ ಕೈಯಲ್ಲಿರೋದು. ಅದಕ್ಕೇ ಇಷ್ಟು ಹಟ.

ಕಲಬುರಗಿಯಿಂದ:

ಇಬ್ಬರಿಗೂ ಧನ್ಯವಾದ. ನಿನ್ನೆ ಮಧ್ಯಾಹ್ನ ಪಕ್ಕದ ಗ್ಯಾರೇಜಿನಲ್ಲಿ ಎರಡು ತಾಸು ಕೂತಿದ್ದೆ. ವಯಸ್ಸಾದವರೊಬ್ಬರು ಸವೆದ ಕ್ಲಚ್ ಪ್ಲೇಟನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಪೇಪರ್ ತುಂಬ ಎಣ್ಣೆ. ಮಿಸ್ತ್ರಿ ಮೊದಲು ಕೇಳಿದ್ದು 'ಯಾವ ಗಾಡಿ?' ಅಂತ. 'ಸ್ಪೆಂಡರ್.' ಆಮೇಲೆ 'ಎಷ್ಟರ ಮಾಡೆಲ್?' ಅಂತ. 'ಎರಡು ಸಾವಿರದ ಎಂಟು.' ಆಮೇಲೆ ಬಂದವರಿಗೂ ಇದೇ ಎರಡು ಪ್ರಶ್ನೆ. ಹೆಸರಿಗೆ ನಮ್ಮ ಜನ ಮಾದರಿಯನ್ನೂ ಬಳಸಲ್ಲ, ನಮೂನೆಯನ್ನೂ ಬಳಸಲ್ಲ. ಬರೀ 'ಗಾಡಿ' ಅಂತಾರೆ, ಅಷ್ಟು ಸಾಕಾಗಿದೆ.

ಹಾಗಾಗಿ ಬೋರ್ಡಿಗೆ 'ಎಲ್ಲ ಗಾಡಿಗಳ ಸಾಮಾನು ಸಿಗುತ್ತದೆ' ಅಂತ ಬರೆಸಿದೆ. ಬಿಲ್ ಬುಕ್ಕಿನಲ್ಲಿ ಎರಡು ಖಾನೆ: 'ಗಾಡಿಯ ಹೆಸರು', 'ಇಸವಿ'. ಯಾದಗಿರಿಯ ಸರ್, ಹೆಸರು ಅನ್ನೋದಾದರೂ ಅಚ್ಚ ಕನ್ನಡ, ಹಳಗನ್ನಡದ ಪೆಸರ್. ಖಾನೆ ಪಾರಸಿ, ಗೊತ್ತಿದೆ, ಅದು ಬಿಲ್ಲಿನ ಮೇಲೆ ಬರಲ್ಲ.

ಗಾಡಿಗಳ ಹೆಸರು ಹಾಗೇ ಇವೆ. ಸ್ಪ್ಲೆಂಡರ್ ಬರೆಯುವಾಗ 'ಸ'ದ ಕೆಳಗೆ 'ಪ', 'ಲ' ಎರಡು ಒತ್ತಿಗೂ ಜಾಗ ಸಾಲಲಿಲ್ಲ. ಎರಡನೇ ಒತ್ತು ಗೆರೆ ದಾಟಿ ಕೆಳಗಿನ ಫೋನ್ ನಂಬರಿಗೆ ತಾಗಿತು. ಪೇಂಟರ್ ನಂಬರನ್ನು ಅಳಿಸಿ ಎರಡು ಬೆರಳು ಕೆಳಗೆ ಬರೆದರು. ಯೆಜ್ದಿಗೆ 'ದ' ಒತ್ತೇ ಇದೆ.